ಮೂತಿ ಕೆಳಗೆ, ಬಾಲ ಮೇಲೆ

ನಮ್ಮೂರಲ್ಲಿ ಇರುವುದೇ ಒಂಬತ್ತು ಮನೆ. ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಆ ಒಂಬತ್ತೂ ಮನೆಯವರು ಅಲಾರಂ ಇಡುವುದನ್ನೇ ಬಿಟ್ಟಿದ್ದರು. ಬೆಳಗಿನ ಜಾವ ಐದೂವರೆಗೆ ನನ್ನ ಪಿಕಪ್ಪು 'ಕುಂಯ್ ಕುಂಯ್ ಕುಂಯ್' ಎಂದು ಶುರುಮಾಡಿದರೆ ಆಚೆಮನೆಯಲ್ಲಿ ಒಲೆ ಹೊತ್ತುತ್ತಿತ್ತು. ಅದು 'ಕೊಂಯ್... ಕೊಂಯ್...' ಎಂದು ಸ್ವರ ಇಳಿಸುವಷ್ಟರಲ್ಲಿ ಕೆಳಗಿನಮನೆಯಲ್ಲಿ ಹಾಲು ಕರೆದಾಗುತ್ತಿತ್ತು. 'ಟಕ್' ಎಂದು ಪೂರ್ತಿ ಸುಮ್ಮನಾಯಿತೋ, ಮೇಷ್ಟ್ರ ಬ್ಯಾಟರಿ ಮಲಗಿತು, ಇನ್ನು ದೋಸೆ ಎರೆಯಬಹುದು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಆ ಮೇಷ್ಟ್ರು ನಾನೇ. 28 ವರ್ಷ ಪಿಯುಸಿ ಹುಡುಗರಿಗೆ ಫಿಸಿಕ್ಸ್ ಹೇಳಿ, ರಿಟೈರಾಗಿ, ಸಾಗರ ತಾಲ್ಲೂಕಿನ ಈ ಮೂಲೆಯಲ್ಲಿರುವ ಅಪ್ಪನ ತೋಟಕ್ಕೆ ವಾಪಸಾದವನು. ಬಂದ ಹಣದಲ್ಲಿ ಒಂದು ಪಾಲನ್ನು ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ಪಿಗೆ ಸುರಿದೆ. ಗೊಬ್ಬರ ತರಲು, ಅಡಿಕೆ ಮೂಟೆ ಮಂಡಿಗೆ ಒಯ್ಯಲು, ಮುಖ್ಯವಾಗಿ 'ಮೇಷ್ಟ್ರಿಗೆ ಏನೂ ಗೊತ್ತಾಗಲ್ಲ' ಎನ್ನುವವರ ಬಾಯಿ ಮುಚ್ಚಿಸಲು.

ಡೀಸೆಲ್ ಎಂಜಿನ್ನಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಇರಲಿಲ್ಲ. ಪೆಟ್ರೋಲ್ ಗಾಡಿಗಾದರೆ ಕಿಡಿ ಬೇಕು, ಇದಕ್ಕೆ ಅದೂ ಬೇಡ. ಸಿಲಿಂಡರಿನ ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದರೆ ಆ ಒತ್ತಡಕ್ಕೇ ಅದು ಕಾದು ಕೆಂಡವಾಗುತ್ತದೆ. ಅದರೊಳಕ್ಕೆ ಡೀಸೆಲ್ಲನ್ನು ಸಣ್ಣ ತುಂತುರಾಗಿ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಬೆಳಗಿನ ಚಳಿ 15 ಡಿಗ್ರಿ ಎಂದು ಹಿಡಿದು ಸೂತ್ರ ಹಾಕಿದರೆ ಗಾಳಿಯ ಶಾಖ ಸುಮಾರು 680 ಡಿಗ್ರಿ ಬರುತ್ತದೆ. ಡೀಸೆಲ್ ಹೊತ್ತಿಕೊಳ್ಳಲು 210ರ ಆಸುಪಾಸು ಸಾಕು. ಅಂದರೆ ಲೆಕ್ಕದ ಪ್ರಕಾರ ನನ್ನ ಗಾಡಿಗೆ ಸ್ಟಾರ್ಟ್ ಆಗದೆ ಇರುವ ಅಧಿಕಾರವೇ ಇರಲಿಲ್ಲ. ಈ ಲೆಕ್ಕವನ್ನು ಒಂದು ಬೆಳಿಗ್ಗೆ ಇಬ್ಬನಿ ಕೂತ ಬಾನೆಟ್ಟಿನ ಮೇಲೆ ತೋರುಬೆರಳಿನಲ್ಲಿ ಬರೆದೂ ನೋಡಿದೆ. ಗಾಡಿ ಕೊನೆಯ ಬೆಂಚಿನ ಹುಡುಗನ ಹಾಗೆ ಸುಮ್ಮನೆ ನಿಂತಿತ್ತು. ಅಡುಗೆಮನೆ ಕಿಟಕಿಯಿಂದ ಹೆಂಡತಿ, 'ಪಾಠ ಮುಗೀತಾ? ಕಾಫಿ ಆರ್ತಾ ಇದೆ' ಅಂದಳು.

ತಗೊಂಡು ಒಂದು ವರ್ಷದವರೆಗೆ ಈ ಗೋಳಿರಲಿಲ್ಲ. ಮಳೆಗಾಲದಲ್ಲೂ ಒಂದೇ ಸೆಲ್ಫಿಗೆ ಏಳುತ್ತಿತ್ತು. ಚೌತಿ ಹಬ್ಬ ಕಳೆದ ಮೇಲೆ ಡೀಸೆಲ್ ಫಿಲ್ಟರನ್ನು ನಾನೇ ಬದಲಿಸಿದೆ. ಮೆಕ್ಯಾನಿಕ್ಕಿಗೆ ಕೊಡುವ 300 ರೂಪಾಯಿ ಉಳಿಯಿತು. ಹೊಸ ಫಿಲ್ಟರಿಗೆ ಮೊದಲೇ ಡೀಸೆಲ್ ತುಂಬಿಸಿ ಕೂರಿಸಿದೆ. ಪೈಪಿನ ಬೋಲ್ಟು ಬಿಗಿಯುವಾಗ ತಾಮ್ರದ ವಾಷರೊಂದು ಬೆರಳಿನಿಂದ ಜಾರಿ ಅಂಗಳದ ಕೆಸರಿಗೆ ಬಿತ್ತು. ಹುಡುಕಿದೆ, ಸಿಗಲಿಲ್ಲ, ಅದರ ಜಾಗಕ್ಕೆ ಬೇರೊಂದು ಹಾಕಿದೆ. ಗಾಡಿ ಸ್ಟಾರ್ಟಾಯಿತು. ಆ ರಾತ್ರಿ ಊಟದ ಹೊತ್ತಿನಲ್ಲಿ ಉಳಿದ ಮುನ್ನೂರು ರೂಪಾಯಿಯ ಸುದ್ದಿಯನ್ನು ನಾನು ಮೂರು ಸಲ ಹೇಳಿದೆನಂತೆ. ಇರಲಿ, ವಿಷಯ ಅದಲ್ಲ.

ದೀಪಾವಳಿ ಕಳೆದು ಚಳಿ ಬೀಳುತ್ತಿದ್ದ ಹಾಗೆ ಗಾಡಿಗೆ ಸೋಮಾರಿತನ ಹತ್ತಿತು. ಮೊದಮೊದಲು ಎರಡು ಸೆಲ್ಫು, ಆಮೇಲೆ ಐದು, ಆಮೇಲೆ ಎಣಿಸುವುದನ್ನೇ ಬಿಟ್ಟೆ. ಒಮ್ಮೆ ಎದ್ದಿತೆಂದರೆ ಸಂಜೆಯವರೆಗೂ ಚೂಟಿ. ಮಧ್ಯಾಹ್ನ ಪೇಟೆಯಲ್ಲಿ ನಿಲ್ಲಿಸಿ, ಮಸಾಲೆ ದೋಸೆ ತಿಂದು ಬಂದು ಕೀ ತಿರುಗಿಸಿದರೆ ಮುಟ್ಟಿದ್ದೇ ತಡ ಶುರು. ರಾತ್ರಿ ಕಳೆದು ಬೆಳಗಾಯಿತೋ, ಮತ್ತದೇ ಕುಂಯ್ ಕುಂಯ್.

ರಿಟೈರಾದ ದಿನ ಲ್ಯಾಬಿನ ಹುಡುಗರು ಒಂದು ಮಲ್ಟಿಮೀಟರ್ ಕೊಟ್ಟಿದ್ದರು. ಶಾಲು, ಹಾರ, ಗಂಧದ ಹೆಸರಿನ ಮರದ ಸರಸ್ವತಿ ಇವುಗಳ ನಡುವೆ ಉಪಯೋಗಕ್ಕೆ ಬರುವಂಥದ್ದು ಅದೊಂದೇ. ಅದನ್ನು ಬ್ಯಾಟರಿಗೆ ಹಿಡಿಯುವುದೆಂದು ತೀರ್ಮಾನಿಸಿದೆ. ಬರೀ ಹಿಡಿದರೆ ಸಾಲದು, ಸೆಲ್ಫ್ ಹೊಡೆಯುವಾಗ ವೋಲ್ಟೇಜು ಎಷ್ಟಕ್ಕೆ ಕುಸಿಯುತ್ತದೆ ನೋಡಬೇಕು, ಅದಕ್ಕೆ ಎರಡನೆಯವರು ಬೇಕು. ಹೆಂಡತಿಯನ್ನು ಕರೆದು ಮೀಟರು ಕೈಗೆ ಕೊಟ್ಟು ಕೀ ತಿರುಗಿಸಿದೆ.

'ಎಷ್ಟಿದೆ?'

'ಒಂಬತ್ತು ಅಂತಿದೆ. ಅಲ್ಲ, ಆರೋ. ತಲೆಕೆಳಗಾಗಿ ಹಿಡ್ಕೊಂಡಿದೀನಾ?'

ಒಂಬತ್ತೇ ಎಂದು ನಾನು ನಿರ್ಧರಿಸಿದೆ. ತುಂಬಿದ ಬ್ಯಾಟರಿಗೆ ಆರು ಸೆಲ್ಲು, ತಲಾ 2.1, ಒಟ್ಟು 12.6 ವೋಲ್ಟು. ಸೆಲ್ಫ್ ಹೊಡೆಯುವಾಗ ಹತ್ತರ ಹತ್ತಿರವಾದರೂ ನಿಲ್ಲಬೇಕು. ಒಂಬತ್ತು ಅಂದರೆ ಬ್ಯಾಟರಿಯ ಆಯಸ್ಸು ಮುಗಿಯಿತು! ಅದಕ್ಕೂ ಮುಂಚೆ ಇಪ್ಪತ್ತು ನಿಮಿಷ ಅದನ್ನು ಬಿಡದೆ ಚಚ್ಚಿದ್ದೆ ಎಂಬ ಸಂಗತಿ ನನ್ನ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ. ಗುಡ್ಡ ಹತ್ತಿ ಬಂದು ಏದುಸಿರು ಬಿಡುತ್ತಿರುವವನ ನಾಡಿ ಹಿಡಿದು, 'ನಿಮಗೆ ಹೃದಯದ ಕಾಯಿಲೆ' ಅಂದ ಹಾಗೆ. 7,200 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ತಂದೆ. ಆದ ಲಾಭ ಒಂದೇ: ಕುಂಯ್ ಕುಂಯ್ ಈಗ ಮೊದಲಿಗಿಂತ ಹತ್ತು ನಿಮಿಷ ಹೆಚ್ಚಿಗೆ ಕೇಳಿಸುತ್ತಿತ್ತು. ಕೆಳಗಿನಮನೆಯಲ್ಲಿ ದೋಸೆ ತಡವಾಗತೊಡಗಿತು.

ಮಲೆನಾಡಿನಲ್ಲಿ ಅಡಿಕೆ ಸುಲಿಯುವ ಚಪ್ಪರಕ್ಕಿಂತ ದೊಡ್ಡ ಆಸ್ಪತ್ರೆ ಇಲ್ಲ. ರಾತ್ರಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಿಡಿದು ಕೂತರೆಂದರೆ ಕೈ ಅಡಿಕೆ ಸುಲಿಯುತ್ತದೆ, ಬಾಯಿ ಊರು ಸುಲಿಯುತ್ತದೆ. ಆ ವಾರ ಸರದಿ ನನ್ನ ಗಾಡಿಯದು. ಡೀಸೆಲ್ಲಿಗೆ ನೀರು ಸೇರಿದೆ ಎಂದರು ಒಬ್ಬರು. ಹೀಟರ್ ಪ್ಲಗ್ಗು ಸತ್ತಿದೆ ಎಂದರು ಇನ್ನೊಬ್ಬರು. ಗಾಡಿಯನ್ನು ಅಮಾವಾಸ್ಯೆ ದಿನ ಮನೆಗೆ ತಂದದ್ದೇ ತಪ್ಪು ಎಂದು ಒಬ್ಬ ಅಜ್ಜಿ. ಗೂಡ್ಸ್ ಆಟೋ ಓಡಿಸುವ ಹುಡುಗನೊಬ್ಬ ಮೂಲೆಯಿಂದ, 'ಏರ್ ಹಿಡಿದಿರಬೇಕು ಸಾರ್' ಅಂದ.

ಈ ಹುಡುಗ ನನ್ನ ಕೈಯಲ್ಲೇ ಫಿಸಿಕ್ಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಇಡೀ ಚಪ್ಪರದ ಎದುರಿಗೆ ಅವನಿಗೆ ಮೂರನೆಯ ಸಲ ಪಾಠ ಮಾಡಿದೆ. 'ನೋಡು, ಪೈಪಿನೊಳಗೆ ಏರ್ ಹೋಗಬೇಕಾದರೆ ಎಲ್ಲೋ ತೂತಿರಬೇಕು. ತೂತಿದ್ದರೆ ಡೀಸೆಲ್ ತೊಟ್ಟಿಕ್ಕಬೇಕು. ಶೆಡ್ಡಿನ ನೆಲದಲ್ಲಿ ಒಂದು ಹನಿ ತೋರಿಸು, ಒಪ್ಕೋತೀನಿ.' ಅವನು ತಲೆ ತಗ್ಗಿಸಿ ಅಡಿಕೆ ಸುಲಿದ. ಎಲ್ಲರೂ 'ಹೌದೌದು' ಅಂದರು. ಆದರೆ ನಾನು ಹೇಳಿದ್ದೇ ತಪ್ಪು. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಯಾರೂ ತಳ್ಳುವುದಿಲ್ಲ, ಪಂಪು ಅದನ್ನು ಹೀರುತ್ತದೆ. ಹೀರುವ ಕಡೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಆದ್ದರಿಂದ ಅಲ್ಲಿ ತೂತಾದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಳನೀರಿಗೆ ಹಾಕಿದ ಸ್ಟ್ರಾ ಸೀಳಿದ್ದರೆ ನೆಲ ಒದ್ದೆಯಾಗುತ್ತದೆಯೇ? ಬಾಯಿಗೆ ಬರೀ ಗಾಳಿ ಬರುತ್ತದೆ. ಇದನ್ನು ನಾನು ಎಷ್ಟೋ ಬ್ಯಾಚಿಗೆ ಹೇಳಿದ್ದೇನೆ. ಆ ಹುಡುಗ ಇದ್ದ ಬ್ಯಾಚಿಗೂ ಹೇಳಿದ್ದೆ.

ಭಾವನ ಪ್ರವೇಶ ಆದದ್ದು ಈ ಹಂತದಲ್ಲಿ. ಹೆಂಡತಿಯ ಅಣ್ಣ, ಹಿಂದೆ ಬಾಂಬೆ ಲೈನಿನಲ್ಲಿ ಲಾರಿ ಓಡಿಸಿದವರು. 'ಘಾಟಿ ಚಳೀಲಿ ನಾವು ಏನ್ ಮಾಡ್ತಿದ್ವಿ ಗೊತ್ತಾ? ಏರ್ ಫಿಲ್ಟರ್ ಬಿಚ್ಚಿ ಬಾಯಿಗೆ ದೊಂದಿ ಹಿಡೀತಿದ್ವಿ. ಬಿಸಿ ಗಾಳಿ ಕುಡಿದ್ರೆ ಎಂಥ ಗಾಡಿನೂ ಏಳ್ಬೇಕು.' ಶಾಸ್ತ್ರದ ದೃಷ್ಟಿಯಿಂದ ನನಗೂ ಸರಿಯೆನಿಸಿತು. ಒಳಹೋಗುವ ಗಾಳಿ ಬಿಸಿಯಿದ್ದಷ್ಟೂ ಅದುಮಿದಾಗ ಇನ್ನೂ ಬಿಸಿ. ಒಣ ತೆಂಗಿನ ಗರಿಯ ಸೂಡಿ ಕಟ್ಟಿದೆವು. ಭಾವ ಸೀಟಿನಲ್ಲಿ ಕೂತರು. ಮಂಗನಟೋಪಿ ಹಾಕಿಕೊಂಡ ನಾನು ಬಾನೆಟ್ಟಿನೊಳಗೆ ತಲೆ ತೂರಿ ಸೂಡಿ ಹಿಡಿದೆ.

'ಹೊಡೀಲಾ?'

'ಹೊಡೀರಿ.'

ಬೆಂಕಿ ಸೊರ್ರನೆ ಒಳಕ್ಕೆ ಹೋಯಿತು. ಎಂಜಿನ್ನು ಎರಡು ಸುತ್ತು ತಿರುಗಿ, ಏನು ನೆನಪಾಯಿತೋ, ಒಮ್ಮೆ 'ಭಫ್' ಎಂದು ಕೆಮ್ಮಿ, ಕೊಟ್ಟದ್ದನ್ನೆಲ್ಲ ವಾಪಸು ಕೊಟ್ಟಿತು. ಮಂಗನಟೋಪಿಯ ಮೇಲಿನ ಕುಚ್ಚು ಇರುವುದು ಏತಕ್ಕೆ ಎಂದು ಚಿಕ್ಕಂದಿನಿಂದ ನನಗೊಂದು ಪ್ರಶ್ನೆಯಿತ್ತು. ಹೊತ್ತಿಕೊಳ್ಳಲು. ಜಗಲಿಯಲ್ಲಿದ್ದ ಹೆಂಡತಿ ರಂಗೋಲಿಗೆ ಇಟ್ಟುಕೊಂಡಿದ್ದ ಚೊಂಬಿನ ನೀರನ್ನು ಗುರಿ ತಪ್ಪದೆ ಎರಚಿದಳು. ಬಲಗಡೆಯ ಹುಬ್ಬು ಯುಗಾದಿಯ ಹೊತ್ತಿಗೆ ಪೂರ್ತಿ ಬಂತು. (ಇದನ್ನು ಓದಿ ಯಾರೂ ಪ್ರಯೋಗಕ್ಕೆ ಇಳಿಯಬೇಡಿ. ಅಂಗಡಿಯಲ್ಲಿ ಸಿಗುವ ಸ್ಟಾರ್ಟಿಂಗ್ ಸ್ಪ್ರೇಯನ್ನಂತೂ ಹೀಟರ್ ಪ್ಲಗ್ಗಿರುವ ಎಂಜಿನ್ನಿನ ಬಾಯಿಗೆ ಹೊಡೆಯಲೇಬೇಡಿ. ಕಾದ ಪ್ಲಗ್ಗಿಗೆ ಅದು ತಾಗಿದರೆ ಹೋಗುವುದು ಬರೀ ಹುಬ್ಬಲ್ಲ.)

ತಲೆ ಒರೆಸಿಕೊಳ್ಳುತ್ತ ಕೂತಾಗ ರುಡಾಲ್ಫ್ ಡೀಸೆಲ್ ನೆನಪಾದ. 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಈ ಎಂಜಿನ್ನನ್ನು ಓಡಿಸಿ ತೋರಿಸಿದ ಪುಣ್ಯಾತ್ಮ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವನ ಮಾದರಿಯ ಒಂದು ಎಂಜಿನ್ನು ಶೇಂಗಾ ಎಣ್ಣೆಯಲ್ಲೂ ಓಡಿತ್ತು. ಇದನ್ನು ಹೆಂಡತಿಗೆ ಹೇಳಿದ್ದಕ್ಕೆ ಅವಳು ಎದ್ದು ಹೋಗಿ ಎಣ್ಣೆ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಇಟ್ಟು ಬಂದಳು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಅವನು ಕಾಣೆಯಾದ. ಕೆಲವು ದಿನದ ಮೇಲೆ ಹೆಣ ಸಮುದ್ರದಲ್ಲಿ ಸಿಕ್ಕಿತು. ಸಾಲವೋ, ಕೊಲೆಯೋ, ಕಾಲು ಜಾರಿತೋ ಎಂದು ಇವತ್ತಿಗೂ ಚರ್ಚೆಯಿದೆ. ಚಳಿಗಾಲದ ಬೆಳಗಿನ ಐದೂವರೆಗೆ ಅವನ ಎಂಜಿನ್ನಿನ ಮುಂದೆ ನಿಂತವನಿಗೆ ಅಂಥ ದೊಡ್ಡ ಒಗಟೇನೂ ಕಾಣುವುದಿಲ್ಲ.

ಕೊನೆಗೂ ಸಾಗರದಿಂದ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಬಂದದ್ದು ಹನ್ನೊಂದು ಗಂಟೆಗೆ. ಅವನ ಮುಂದೆ ಮರ್ಯಾದೆ ಹೋಗಬಾರದೆಂದು ಏಳು ಗಂಟೆಗೇ ನಾನು ಹೆಣಗಾಡಿ ಗಾಡಿ ಎಬ್ಬಿಸಿ ಇಟ್ಟಿದ್ದೆ. ಅವನು ಕೀ ಮುಟ್ಟಿದ, ಶುರುವಾಯಿತು. 'ಚೆನ್ನಾಗೇ ಇದೆಯಲ್ಲ ಸಾರ್?' ಡಾಕ್ಟರ ಮನೆ ಬಾಗಿಲಲ್ಲಿ ಜ್ವರ ಬಿಟ್ಟ ಮಗುವನ್ನು ಎತ್ತಿಕೊಂಡು ನಿಂತ ತಾಯಿಯ ಹಾಗೆ ನಾನು, 'ಇಲ್ಲ ಇಲ್ಲ, ರಾತ್ರಿಯೆಲ್ಲ ಹೀಗಿರಲ್ಲ' ಅಂದೆ.

'ಇತ್ತೀಚೆಗೆ ಏನಾದ್ರೂ ಬಿಚ್ಚಿದ್ರಾ?'

'ಇಲ್ಲ' ಅಂದೆ. ಸುಳ್ಳಲ್ಲ. ಚೌತಿಗೂ ಅವತ್ತಿಗೂ ಮೂರು ತಿಂಗಳಾಗಿತ್ತು. ಮೂರು ತಿಂಗಳ ಹಿಂದಿನದಕ್ಕೆ ಇತ್ತೀಚೆಗೆ ಎನ್ನುತ್ತಾರೆಯೇ?

ಅವನು ಹೀಟರ್ ಪ್ಲಗ್ಗು ನಾಲ್ಕನ್ನೂ ಬಿಚ್ಚಿ ಒಂದೊಂದಾಗಿ ಬ್ಯಾಟರಿಗೆ ಹಿಡಿದ. ಎರಡರ ತುದಿ ಗುಲಗಂಜಿಯ ಹಾಗೆ ಕೆಂಪಾಯಿತು, ಎರಡು ತಣ್ಣಗೇ ಕೂತವು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಕಳ್ಳ ಸಿಕ್ಕಿದ! ನಾಲ್ಕೂ ಹೊಸತು ಹಾಕಿಸಿದೆ. ಮಾರನೆಯ ಬೆಳಿಗ್ಗೆ ಮೀಟರಿನ ಪಕ್ಕದ ಸುರುಳಿ ದೀಪ ಹೊತ್ತಿ, ಆರಿ, 'ಇನ್ನು ಹೊಡಿ' ಎಂದು ಸನ್ನೆ ಮಾಡಿತು. ಹೊಡೆದೆ. ಕುಂಯ್ ಕುಂಯ್. ಸಿಕ್ಕಿದ್ದವನು ಕಳ್ಳನೇ ಹೌದು, ಆದರೆ ಈ ಕಳ್ಳತನ ಮಾಡಿದವನಲ್ಲ. ಆಮೇಲೆ ಡೀಸೆಲ್ ಚಿಮ್ಮಿಸುವ ನೋಜಲ್ಲುಗಳನ್ನು ಬಿಚ್ಚಿಸಿ ಶಿವಮೊಗ್ಗದ ಡೀಸೆಲ್ ಲ್ಯಾಬಿಗೆ ಒಯ್ದು ತೊಳೆಸಿ ತಂದೆ. ಹೋದದ್ದು ಬಂದದ್ದು ಬಸ್ಸಿನಲ್ಲಿ, ನೋಜಲ್ಲುಗಳು ಮಡಿಲಲ್ಲಿ. ಪಕ್ಕದ ಸೀಟಿನವರು ಏನದು ಅಂದರು. ಚೀಲ ಬಿಡಿಸಿ ತೋರಿಸಿದೆ. ಮುಂದಿನ ಸ್ಟಾಪಿನಲ್ಲಿ ಅವರು ಸೀಟು ಬದಲಿಸಿದರು, ಡೀಸೆಲ್ ವಾಸನೆಗಿರಬೇಕು.

ಈ ನಡುವೆ, ಏನಕ್ಕೂ ಇರಲಿ ಎಂದು ರಾತ್ರಿ ಗಾಡಿಯನ್ನು ಶೆಡ್ಡಿನ ಬದಲು ಅಂಗಳದಾಚೆಯ ಏರಿನಲ್ಲಿ ನಿಲ್ಲಿಸತೊಡಗಿದೆ. ಮೂತಿ ಕೆಳಗೆ, ಬಾಲ ಮೇಲೆ. ಸೆಲ್ಫಿಗೆ ಏಳದಿದ್ದರೆ ಹ್ಯಾಂಡ್‌ಬ್ರೇಕ್ ಬಿಟ್ಟು, ಸೆಕೆಂಡ್ ಗೇರಿಗೆ ಹಾಕಿ, ಇಳಿಜಾರಿನಲ್ಲಿ ಓಡಿಸಿ ಕ್ಲಚ್ ಬಿಡುವ ಉಪಾಯ. ಆದರೆ ಆ ಉಪಾಯ ಬೇಕಾಗಲೇ ಇಲ್ಲ. ಏರಿನಲ್ಲಿ ನಿಂತ ಗಾಡಿ ಪ್ರತಿ ಬೆಳಿಗ್ಗೆ ಒಂದೇ ಸೆಲ್ಫಿಗೆ ಎದ್ದು ನಿಲ್ಲುತ್ತಿತ್ತು! ನೋಜಲ್ ತೊಳೆಸಿದ್ದರ ಮಹಿಮೆ ಎಂದು ಊರೆಲ್ಲ ಹೇಳಿದೆ. ಬೆಳಿಗ್ಗೆ ಬಾನೆಟ್ ಎತ್ತಿದಾಗ ಫಿಲ್ಟರಿನ ತಲೆಯ ಮೇಲೆ ಒಂದಿಷ್ಟು ಪಸೆ ಕಾಣುತ್ತಿತ್ತು. ಇಬ್ಬನಿ ಎಂದು ಹಳೆ ಬನಿಯನ್ನಿನಲ್ಲಿ ಒರೆಸುತ್ತಿದ್ದೆ. ಮುಚ್ಚಿದ ಬಾನೆಟ್ಟಿನೊಳಗೆ ಬೀಳುವ, ಡೀಸೆಲ್ ವಾಸನೆಯ ಇಬ್ಬನಿ.

ಹದಿನೈದು ದಿನ ಸುಖವಾಗಿ ಕಳೆಯಿತು. ಒಂದು ಸಂಜೆ ಅಕಾಲದ ಮೋಡ ಕಟ್ಟಿತು. ಅಡಿಕೆ ಮೂಟೆ ಹೇರಿದ್ದ ಗಾಡಿಯನ್ನು ಶೆಡ್ಡಿಗೆ ಒಯ್ದೆ. ಶೆಡ್ಡಿನ ನೆಲ ಒಳಗಡೆಗೆ ಸ್ವಲ್ಪ ಏರು. ಮಾರನೆಯ ಬೆಳಿಗ್ಗೆ, ಮಂಡಿಗೆ ಹೋಗಬೇಕಾದ ದಿನವೇ, ಕುಂಯ್ ಕುಂಯ್ ಕುಂಯ್.

ಕೊನೆಗೌಡ ಆಗಷ್ಟೇ ಬಂದಿದ್ದ. ಮರ ಹತ್ತಿ ಅಡಿಕೆ ಗೊನೆ ಇಳಿಸುವವನು. ಕಾಲಿಗೆ ಹಾಕುವ ತಳೆ ಹೆಗಲ ಮೇಲೆ. ಎಲೆಯಡಿಕೆ ಮಡಚುತ್ತ ಸ್ವಲ್ಪ ಹೊತ್ತು ನನ್ನ ಕಷ್ಟ ನೋಡಿದ.

'ಅಲ್ರಾ ಮೇಷ್ಟ್ರೇ, ಅದು ಮೂತಿ ಕೆಳಗೆ ಮಾಡಿದ್ರೆ ಏಳ್ತದೆ, ಮೇಲೆ ಮಾಡಿದ್ರೆ ಏಳಲ್ಲ. ಒಳಗಿರೋ ಡೀಸಲ್ಲು ರಾತ್ರಿ ಹಿಂದಕ್ಕೆ ಇಳಿದು ಹೋಗ್ತದೇನೋ.'

ನಾನು ಕೀ ಬಿಟ್ಟೆ. ಗುರುತ್ವಾಕರ್ಷಣೆಯ ಬಗ್ಗೆ ನಾನು 28 ವರ್ಷ ಪಾಠ ಮಾಡಿದ್ದೇನೆ. ಅವನು ಅಷ್ಟೇ ವರ್ಷ ಅದರ ಎದುರಿಗೆ ಮರ ಹತ್ತಿದ್ದಾನೆ. ಯಾರಿಗೆ ಹೆಚ್ಚು ಗೊತ್ತಿರುತ್ತದೆ?

ಈ ಸಲ ಮೆಕ್ಯಾನಿಕ್ಕನ್ನು ಹಿಂದಿನ ದಿನವೇ ಕರೆಸಿ ಊಟ ಹಾಕಿ ಜಗಲಿಯಲ್ಲಿ ಮಲಗಿಸಿಕೊಂಡೆ. ಬೆಳಿಗ್ಗೆ ಐದೂವರೆ. ನನ್ನನ್ನು ಸೀಟಿನಲ್ಲಿ ಕೂರಿಸಿ ಅವನು ನೇರ ಗಾಡಿಯ ಹಿಂದಕ್ಕೆ ಹೋದ. 'ಹೊಡೀರಿ ಸಾರ್.' ಹೊಡೆದೆ. 'ಸಾಕು. ಹೊಗೆನೇ ಇಲ್ಲ. ಡೀಸೆಲ್ ಹೋಗಿ ಉರೀದೆ ಇದ್ರೆ ಸೈಲೆನ್ಸರಲ್ಲಿ ಬಿಳಿ ಹೊಗೆ ಬರ್ಬೇಕು. ಇಲ್ಲಿ ಡೀಸೆಲ್ಲೇ ಬರ್ತಿಲ್ಲ.' ಎರಡು ತಿಂಗಳು ನಾನು ಮುಂದೆ ಕೂತು ಮೀಟರು ನೋಡಿದ್ದೆ. ಹಿಂದೆ ಹೋಗಿ ನೋಡಬೇಕೆಂದು ಹೊಳೆದಿರಲಿಲ್ಲ.

ಆಮೇಲೆ ಅವನು ಫಿಲ್ಟರಿನ ತಲೆಯ ಮೇಲಿದ್ದ ಕಪ್ಪು ಗುಬಟನ್ನು ಅಂಗೈಯಲ್ಲಿ ಒತ್ತಿದ. ಅದು ಅಂದಕ್ಕೆ ಇಟ್ಟದ್ದೆಂದು ನಾನು ತಿಳಿದಿದ್ದೆ. ಅದು ಹ್ಯಾಂಡ್ ಪಂಪಂತೆ. 'ಠುಸ್ ಠುಸ್' ಎಂದು ಪೊಳ್ಳಾಗಿ ಒಳಗೆ ಹೋಯಿತು. ಇಪ್ಪತ್ತೈದು ಮೂವತ್ತು ಸಲ ಒತ್ತಿದ ಮೇಲೆ ಗುಬಟು ಗಟ್ಟಿಯಾಯಿತು. 'ಈಗ ಹೊಡೀರಿ.' ಕೀ ಮುಟ್ಟಿದೆ, ಗಾಡಿ ಗುಡುಗಿತು. ಕೆಳಗಿನಮನೆಯಲ್ಲಿ ಗಾಬರಿಯಿಂದ ಲೈಟು ಹತ್ತಿತು.

'ಏರ್ ಹಿಡೀತಿದೆ ಸಾರ್. ಎಲ್ಲಿಂದ ನೋಡಣ.' ಎಂಜಿನ್ ಆರಿಸಿ ಸ್ಪ್ಯಾನರು ತಗೊಂಡ. ಆ ಸ್ಪ್ಯಾನರು ಪೈಪಿನ ಯಾವ ಬೋಲ್ಟಿನ ಕಡೆ ಹೋಗುತ್ತಿದೆ ಎಂದು ನೋಡಿದಾಗ ನನ್ನ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು. ಬೋಲ್ಟು ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ಟಾರ್ಚು ಬಿಟ್ಟ. ಒಂದು ಕಡೆ ತಾಮ್ರದ ವಾಷರು. ಇನ್ನೊಂದು ಕಡೆ ಕಪ್ಪಗೆ, ಮೆತ್ತಗೆ, ನೆನೆದ ಹಪ್ಪಳದ ಹಾಗೆ ಅಂಚು ಸೊಟ್ಟಗಾಗಿ ಉಬ್ಬಿದ್ದ ಒಂದು ವಸ್ತು. ಉಗುರಿನಲ್ಲಿ ಎತ್ತಿದರೆ ಅರ್ಧ ಕಿತ್ತು ಬಂತು.

'ಸೈಕಲ್ ಟ್ಯೂಬು!' ಅಂದ. 'ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿ ಹಾಕಿದಾರೆ ಸಾರ್! ಡೀಸೆಲ್ ಬಿದ್ರೆ ಇದು ಉಬ್ಬಿ ಹಾಳಾಗುತ್ತೆ ಅಂತ ಗೊತ್ತಿಲ್ವಾ? ಯಾರ್ರೀ ಆ ಮಹಾನುಭಾವ?'

'ಹಿಂದಿನ ಓನರ್ ಇರ್ಬೇಕು' ಅಂದೆ.

'ಗಾಡಿ ತಗೊಂಡು ಎಷ್ಟಾಯ್ತು?'

'ಒಂದೂವರೆ ವರ್ಷ.'

'ಒಂದೂವರೆ ವರ್ಷ ಇದೆಲ್ಲಿ ತಡೀತದೆ ಸಾರ್? ಮೂರು ನಾಲ್ಕು ತಿಂಗಳಿಗಿಂತ ಹಳೇದಲ್ಲ ಇದು.'

ಹೆಂಡತಿ ಜಗಲಿಯಿಂದ ನನ್ನ ಕಡೆ ನೋಡಿದಳು. ಅವಳ ಮುಖದ ಮೇಲೆ ಮುನ್ನೂರು ರೂಪಾಯಿ ಎಂದು ಬರೆದಿತ್ತು. ನಾನು ಗಂಟಲು ಸರಿಮಾಡಿಕೊಂಡು, 'ಹಾಗಾದ್ರೆ ಪೇಟೇಲಿ ಸರ್ವೀಸಿಗೆ ಬಿಟ್ಟಾಗ ಯಾರೋ ಹುಡುಗರು ಮಾಡಿರ್ಬೇಕು' ಅಂದೆ. ಮೆಕ್ಯಾನಿಕ್ಕು ಬೇಸರದಿಂದ ತಲೆ ಅಲ್ಲಾಡಿಸಿದ. 'ಕೆಲಸ ಗೊತ್ತಿಲ್ದೋರೆಲ್ಲ ಸ್ಪ್ಯಾನರ್ ಹಿಡೀತಾರೆ ಸಾರ್, ಏನ್ ಮಾಡೋದು.' 'ಏನ್ ಮಾಡೋದು' ಎಂದು ನಾನೂ ತಲೆ ಅಲ್ಲಾಡಿಸಿದೆ. ತಾಮ್ರದ ಹೊಸ ವಾಷರು ಎರಡಕ್ಕೆ 20 ರೂಪಾಯಿ ತಗೊಂಡ.

ಅವನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಶೆಡ್ಡಿನ ಗಳದ ಕಡೆ ನನ್ನ ಕಣ್ಣು ಹೋಯಿತು. ಹಳೆ ಸೈಕಲ್ ಟ್ಯೂಬು ಅಲ್ಲೇ ನೇತಾಡುತ್ತಿತ್ತು. ಅದರ ನಡುವೆ ಎಂಟಾಣೆ ಅಗಲದ ಒಂದು ತೂತು, ಒಂಚೂರೂ ಸೊಟ್ಟಗಿಲ್ಲದ ಉರುಟು. ಎಂಟಾಣೆಯ ನಾಣ್ಯವನ್ನೇ ಇಟ್ಟು, ಸುತ್ತ ಪೆನ್ನಿನಲ್ಲಿ ಗೀರಿ, ಅಷ್ಟು ಶ್ರದ್ಧೆಯಿಂದ ಕತ್ತರಿಸಿದ್ದೆ.

ಅದರ ಕೆಳಗೆ ಕೊನೆಗೌಡ ನಿಂತಿದ್ದ. ಅವನು ಟ್ಯೂಬು ನೋಡಿದ, ನನ್ನನ್ನು ನೋಡಿದ, ಹಿತ್ತಲ ಬಾಗಿಲು ನೋಡಿದ. ಟ್ಯೂಬನ್ನು ಗಳದಿಂದ ಎಳೆದು, ತೂತು ಒಳಗೆ ಬರುವ ಹಾಗೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ.

'ದೋಟಿಗೆ ಸುತ್ತಕ್ಕೆ ಬೇಕಿತ್ತು' ಅಂದ. ಎರಡು ಹೆಜ್ಜೆ ಹೋಗಿ ನಿಂತ. 'ಕೊಯ್ಲು ಮುಗಿದ್ಮೇಲೆ ಕೂಲಿ ವಿಚಾರ ಒಂಚೂರು ಮಾತಾಡ್ಬೇಕು ಮೇಷ್ಟ್ರೇ.'

'ಅಲ್ಲೀವರೆಗೆ ಯಾಕೆ,' ಅಂದೆ, 'ಈಗ್ಲೇ ಮಾತಾಡಣ ಬಾ.'